ಜುಲೈನಲ್ಲಿ ಕಾಯಿ ಉದುರಿಸುತ್ತಿದ್ದ ಅಂಜೂರ: ಪೋರ್ಚುಗಲ್‌ನ ಒಂದು ಹಳೇ ಮರದ ಪ್ರಕರಣ

2022ರ ಅಕ್ಟೋಬರ್‌ನಲ್ಲಿ ನಾವು ಪೋರ್ಚುಗಲ್‌ನ ದಕ್ಷಿಣದ ಅಲ್ಗಾರ್ವ್ ಸೀಮೆಗೆ ಬಂದೆವು. ಬಾಡಿಗೆಗೆ ಮನೆ ಸಿಕ್ಕಿದ್ದು ತವೀರಾ ಪಟ್ಟಣದಿಂದ ಒಳಗೆ, ಸಾಂತಾ ಕತರೀನಾ ದ ಫೋಂತ್ ದು ಬಿಷ್ಪು ಅನ್ನುವ ಊರಿನ ಅಂಚಿನಲ್ಲಿ. ಕೈಯಲ್ಲೇ ಹೆಂಚು, ನೆಲದ ಬಿಲ್ಲೆ ತಟ್ಟಿ ಸುಡುವುದಕ್ಕೆ ಹೆಸರಾದ ಊರು ಅದು. ಮನೆ ಹಿಂದೆ ಸುಣ್ಣಕಲ್ಲು ಬೆರೆತ ಕೆಂಪು ನೆಲ. ಅದರಲ್ಲಿ ಎರಡು ಬಾದಾಮಿ ಮರ, ಸಿಹಿ ಕೋಡು ಬಿಡುವ ಒಂದು ಕ್ಯಾರಬ್ ಮರ, ಕಲ್ಲುಗೋಡೆಗೆ ಒರಗಿಕೊಂಡ ಹಾಗೆ ಒಂದು ದೊಡ್ಡ ಅಂಜೂರ. ಈ ಬರಹ ಆ ಅಂಜೂರದ ಬಗ್ಗೆ.

ಮನೆ ಮಾಲೀಕರು ಇರುವುದು ಲಿಸ್ಬನ್‌ನಲ್ಲಿ. ಊರಿಗೆ ಬರುವುದು ಆಗಸ್ಟ್ ರಜೆಗೆ ಮಾತ್ರ. ಬೀಗದ ಕೈ ಕೊಡುವಾಗಲೇ ಹೇಳಿದ್ದರು: "ಆ ಮರ ವಯಸ್ಸಾಗಿದೆ, ಹಣ್ಣು ನಿಲ್ಲಲ್ಲ. ಬೇಕಾದರೆ ಕಡಿಸಿಬಿಡಿ, ಜಾಗ ಆಗುತ್ತೆ." ನನಗೆ ಮನಸ್ಸು ಬರಲಿಲ್ಲ. ನಮ್ಮದು ಶ್ರೀರಂಗಪಟ್ಟಣದ ಕಡೆ. ಗಂಜಾಂ ಅಂಜೂರದ ಹೆಸರು ಕೇಳುತ್ತಲೇ ಬೆಳೆದವರು ನಾವು. ತಾತನ ಹಿತ್ತಲಲ್ಲಿ ಒಂದು ಗಿಡ ಇತ್ತು. ಬೆಳಿಗ್ಗೆ ಹಕ್ಕಿಗಿಂತ ಮುಂಚೆ ಎದ್ದರೆ ಮಾತ್ರ ನಮಗೆ ಹಣ್ಣು. ಬುಡ ಇಷ್ಟು ದಪ್ಪ ಇರುವ ಮರವನ್ನು ಕಾರಣ ತಿಳಿಯದೆ ಕಡಿಯೋದು ಸರಿ ಅನ್ನಿಸಲಿಲ್ಲ.

ಎರಡು ವರ್ಷ ಆ ಮರದ ಹಿಂದೆ ಬಿದ್ದೆ. ಏನೇನು ತಪ್ಪು ಮಾಡಿದೆ, ಏನು ಗೊತ್ತಾಯಿತು, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲ ವರ್ಷ

2023ರ ಜನವರಿಯಲ್ಲಿ ಮರ ಪೂರ್ತಿ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ನಾನು ಕತ್ತರಿ ತಗೊಂಡು ಎಲ್ಲ ಕೊಂಬೆಗಳ ತುದಿಯನ್ನೂ ಒಂದೊಂದು ಅಡಿ ಸವರಿಬಿಟ್ಟೆ. ನಮ್ಮ ಕಡೆ ಹಾಗೇ ತಾನೇ ಮಾಡುವುದು? ಸವರಿದರೆ ಹೊಸ ಚಿಗುರು, ಹೊಸ ಚಿಗುರಿಗೆ ಕಾಯಿ. ತಾತ ಪ್ರತಿ ವರ್ಷ ಸವರುತ್ತಿದ್ದುದು ಕಣ್ಣಲ್ಲೇ ಇತ್ತು.

ಜೂನ್ ಬಂತು. ಪಕ್ಕದ ಮನೆಯ ಅಜ್ಜಿ ಗೋಡೆ ಆಚೆಯಿಂದ ಮರವನ್ನು ಮೇಲಿಂದ ಕೆಳಗೆ ನೋಡಿದರು. ಇಲ್ಲಿ ಅಕ್ಕಪಕ್ಕದ ಹೆಂಗಸರು ಒಬ್ಬರನ್ನೊಬ್ಬರು "ವಿಝಿನ್ಯಾ" ಅಂತ ಕರೆಯುತ್ತಾರೆ. ಪಕ್ಕದ ಮನೆಯವಳು ಅಂತ ಅರ್ಥ. "ವಿಝಿನ್ಯಾ, ಈ ವರ್ಷ ಲಾಂಪು ಎಲ್ಲಿ?" ಅಂದರು. ಲಾಂಪು ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ.

ಪೋರ್ಚುಗೀಸರು ಒಂದೇ ಮರದ ಎರಡು ಫಸಲಿಗೆ ಎರಡು ಹೆಸರು ಇಟ್ಟುಕೊಂಡಿದ್ದಾರೆ. ಬೇಸಿಗೆ ಶುರುವಲ್ಲಿ ಬರೋದು ಲಾಂಪು. ಜೂನ್ 24ರ ಸಂತ ಜುವಾಂವ್ ಹಬ್ಬದ ಹೊತ್ತಿಗೆ ಹಣ್ಣಾಗುವುದರಿಂದ ಸಂತ ಜುವಾಂವ್ ಅಂಜೂರ ಅಂತಲೂ ಕರೆಯುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರೋದು ವಿಂದೀಮು. ದ್ರಾಕ್ಷಿ ಕೊಯ್ಲಿಗೆ ವಿಂದೀಮಾ ಅಂತಾರೆ, ಆ ಕಾಲದ ಹಣ್ಣು ಅಂತ ಈ ಹೆಸರು. ಇಲ್ಲಿ ಮುಖ್ಯ ವಿಷಯ ಒಂದಿದೆ. ವಿಂದೀಮು ಬರುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಲಾಂಪು ಬರುವುದು ಹೋದ ವರ್ಷದ ಕಡ್ಡಿಯಲ್ಲಿ, ಅದೂ ತುದಿಯ ಹತ್ತಿರ. ಅದರ ಮೊಗ್ಗು ಚಳಿಗಾಲದಲ್ಲೇ ಅಲ್ಲಿ ಕೂತಿರುತ್ತದೆ. ನಾನು ಜನವರಿಯಲ್ಲಿ ಸವರಿ ಬಿಸಾಡಿದ್ದು ಅದನ್ನೇ. ಜೂನ್‌ನ ಇಡೀ ಫಸಲು ಒಲೆಯ ಪಾಲಾಗಿತ್ತು.

"ಈ ಗೋಡೆ ಮೇಲಿಂದ ಕೈ ಚಾಚಿ ಎಷ್ಟು ಲಾಂಪು ಕಿತ್ತಿದ್ದೀನಿ ನಾನು" ಅಂದರು ಅಜ್ಜಿ. ಅಂದರೆ ಮರ ಹಣ್ಣು ಕೊಡುತ್ತಿತ್ತು. ಮಾಲೀಕರು ಆಗಸ್ಟ್‌ನಲ್ಲಿ ಬರುವ ಹೊತ್ತಿಗೆ ಲಾಂಪು ಮುಗಿದಿರುತ್ತಿತ್ತು, ಅಷ್ಟೇ. ಅವರ ಕಣ್ಣಿಗೆ ಬೀಳುತ್ತಿದ್ದುದು ನೆಲದಲ್ಲಿ ಉದುರಿ ಬಿದ್ದ ಕಾಯಿ ಮಾತ್ರ.

ಆ ಉದುರುವುದನ್ನು ಜುಲೈನಲ್ಲಿ ನಾನೂ ನೋಡಿದೆ. ಹೊಸ ಚಿಗುರಿನ ಒಂದೊಂದು ಎಲೆಯ ಬುಡದಲ್ಲೂ ಒಂದೊಂದು ಕಾಯಿ ಕಚ್ಚಿತ್ತು. ನೂರಾರು. ಬಟಾಣಿಯಿಂದ ನೆಲ್ಲಿಕಾಯಿ ಗಾತ್ರಕ್ಕೆ ಬಂದವು. ಆಮೇಲೆ ಅಲ್ಲೇ ನಿಂತವು. ಹಸಿರು ಹಳದಿಗೆ ತಿರುಗಿತು, ಸಿಪ್ಪೆ ಸುಕ್ಕಾಯಿತು, ತೊಟ್ಟು ಸಡಿಲ ಆಯಿತು. ಮೂರು ವಾರದಲ್ಲಿ ಎಲ್ಲ ನೆಲದಲ್ಲಿ. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ.

ಎಲ್ಲ ಅಂದೆ, ಆದರೆ ಎಲ್ಲವೂ ಅಲ್ಲ. ಕಣಿವೆ ಕಡೆಗೆ ಮುಖ ಮಾಡಿದ ಒಂದು ಕೊಂಬೆಯಲ್ಲಿ ಆರೇಳು ಕಾಯಿ ಉಳಿದವು. ದಪ್ಪ ಆದವು, ಸೆಪ್ಟೆಂಬರ್‌ನಲ್ಲಿ ಹಣ್ಣಾದವು. ಆಗ ಅದನ್ನು ಅದೃಷ್ಟ ಅಂದುಕೊಂಡೆ. ಇಡೀ ಪ್ರಕರಣದ ಸುಳಿವು ಆ ಆರೇಳು ಹಣ್ಣಿನಲ್ಲೇ ಇತ್ತು.

ಸಂಶಯ ಪಟ್ಟವರ ಪಟ್ಟಿ

ಮೊದಲ ಸಂಶಯ ನೀರಿನ ಮೇಲೆ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಒಂದು ಹನಿಯೂ ಇಲ್ಲ. ಕಾಯಿ ಉದುರಿದ್ದು ಒಣಗಿದ್ದಕ್ಕೆ ಅಂತ ದಿನ ಬಿಟ್ಟು ದಿನ ಪೈಪ್ ಹಿಡಿದೆ. ಎಲೆ ದೊಡ್ಡದಾಯಿತು, ಚಿಗುರು ಉದ್ದ ಆಯಿತು, ಕಾಯಿ ಉದುರುತ್ತಲೇ ಇತ್ತು. ಅಲ್ಗಾರ್ವ್‌ನ ಈ ಸುಣ್ಣಕಲ್ಲಿನ ಸೀಮೆಗೆ ಬರೊಕಾಲ್ ಅಂತಾರೆ. ಇಲ್ಲಿ ಅಂಜೂರ, ಬಾದಾಮಿ, ಕ್ಯಾರಬ್, ಆಲಿವ್ ನಾಲ್ಕನ್ನೂ ನೀರಾವರಿ ಇಲ್ಲದೆ ತಲೆತಲಾಂತರದಿಂದ ಬೆಳೆದಿದ್ದಾರೆ. ಬೇರು ಆಳಕ್ಕೆ ಇಳಿದ ಮರಕ್ಕೆ ನನ್ನ ಪೈಪ್ ನೀರು ಬೇಕಿರಲಿಲ್ಲ.

ಎರಡನೆಯದು ಹುಳ. ಮೆಡಿಟರೇನಿಯನ್ ಕಡಲಿನ ಸುತ್ತಮುತ್ತ ಅಂಜೂರಕ್ಕೆ ಕಾಟ ಕೊಡುವ ಒಂದು ಕಪ್ಪು ನೊಣ ಇದೆ, ಸಿಲ್ಬಾ ಅಡಿಪಾಟಾ. ಎಳೆ ಕಾಯಿಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನದನ್ನು ತಿನ್ನುತ್ತದೆ, ಕಾಯಿ ಬಣ್ಣ ತಿರುಗಿ ಬೀಳುತ್ತದೆ. ಮರಿ ಹೊರಬಂದ ಕಡೆ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು ಕಾಣುತ್ತದೆ. ಹೊರಗಿನಿಂದ ನೋಡಿದರೆ ನನ್ನ ಕಾಯಿಗಳಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಹಾಗಾಗಿ ಒಂದು ಸಂಜೆ ಬಿದ್ದ ಕಾಯಿಗಳನ್ನು ಬುಟ್ಟಿಗೆ ತುಂಬಿಕೊಂಡು ಬಂದು, ಅಡುಗೆಮನೆ ಕಟ್ಟೆ ಮೇಲೆ ಚಾಕು ಹಿಡಿದು ಕೂತೆ. ಒಂದೊಂದನ್ನೇ ಸೀಳಿದೆ. ತೂತಿಲ್ಲ. ಮರಿ ಇಲ್ಲ. ಕೊಳೆತ ವಾಸನೆ ಇಲ್ಲ. ಒಳಗೆ ಬಿಳಿ ಬೆಂಡಿನಂಥ ತಿರುಳು, ನಡುವೆ ಟೊಳ್ಳು, ಅದರ ಗೋಡೆಗೆ ಒಣಗಿದ ಸಣ್ಣ ಸಣ್ಣ ಎಳೆಗಳು. ಅಂಜೂರದ ಹೂ ಅಂದರೆ ಅವೇ. ಅಂಜೂರ ಹೂವನ್ನು ಹೊರಗೆ ತೋರಿಸುವುದಿಲ್ಲ, ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತದೆ. ನನ್ನ ಕೈಯಲ್ಲಿದ್ದ ಕಾಯಿಗಳಲ್ಲಿ ಆ ಹೂಗಳು ಬೀಜ ಕಟ್ಟದೆ ಬಾಡಿಹೋಗಿದ್ದವು.

ಎಲೆಯಲ್ಲಿ ಹಳದಿ ಮಚ್ಚೆ ಇತ್ತು. ಅದು ಅಂಜೂರದ ಮೊಸಾಯಿಕ್ ರೋಗ, ಕಣ್ಣಿಗೆ ಕಾಣದ ನುಸಿಯಿಂದ ಹರಡುವ ವೈರಸ್. ಕಡ್ಡಿಯಲ್ಲೂ ದಾಟುವುದರಿಂದ ಹಳೇ ಮರಗಳಲ್ಲಿ ಬಹಳ ಸಾಮಾನ್ಯ. ಚೆನ್ನಾಗಿ ಕಾಯಿ ಬಿಡುವ ಮರಗಳಲ್ಲೂ ಇರುತ್ತದೆ. ಅದನ್ನು ಬದಿಗಿಟ್ಟೆ.

ಎಲೆ ನೋಡಿ ಹೇಳಿದ ಹೆಸರು

ಮರದ ಹೆಸರು ಗೊತ್ತಾದರೆ ದಾರಿ ಸಿಗಬಹುದು ಅಂತ ನಾಲ್ಕು ಎಲೆ ಕಿತ್ತುಕೊಂಡು ಒಂದು ನರ್ಸರಿಗೆ ಹೋದೆ. ಎಲೆ ತಿರುಗಿಸಿ ನೋಡಿ "ಪಿಂಗು ದ ಮೆಲ್" ಅಂದರು. ಜೇನಹನಿ ಅಂತ ಅರ್ಥ. ಹಳದಿ ಹಸಿರು ಹಣ್ಣು, ಪಕ್ವ ಆದಾಗ ತುದಿಯ ಕಣ್ಣಿನಲ್ಲಿ, ಅಂದರೆ ಅಲ್ಲಿರುವ ಸಣ್ಣ ತೂತಿನಲ್ಲಿ, ಒಂದು ಹನಿ ಜೇನು ನಿಂತಿರುತ್ತದೆ. ಪೋರ್ಚುಗಲ್‌ನಲ್ಲಿ ಎಲ್ಲ ನರ್ಸರಿಯಲ್ಲೂ ಸಿಗುವ ಹೆಸರು. ಹಾಗಾಗಿ ಯಾವ ಅಂಜೂರ ತೋರಿಸಿದರೂ ಬಾಯಿಗೆ ಮೊದಲು ಬರುವುದು ಅದೇ.

ಮನೆಗೆ ಬಂದು ಮರದ ಕೆಳಗೆ ನಿಂತು ಎಲೆ ನೋಡಿದೆ. ಬುಡದಿಂದ ಎದ್ದ ಚಿಗುರಿನ ಎಲೆಗೆ ಸೀಳೇ ಇಲ್ಲ. ನಡುಕೊಂಬೆಯ ಎಲೆಗೆ ಮೂರು ಸೀಳು. ನೆತ್ತಿಯ ಎಲೆಗೆ ಐದು. ಒಂದೇ ಮರದಲ್ಲಿ ಇಷ್ಟು ಬಗೆ ಇದ್ದರೆ ನಾಲ್ಕು ಎಲೆ ನೋಡಿ ತಳಿ ಹೇಳೋದು ಹೇಗೆ, ಅಲ್ವಾ?

ಅಂಜೂರದಲ್ಲಿ ಹೆಸರಿಗೆ ಮುಂಚೆ ಗುಂಪು ಗೊತ್ತಾಗಬೇಕು. ಇದು ಗೊತ್ತಿಲ್ಲದೆ ನಾನು ಒಂದು ವರ್ಷ ಕಳೆದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ತಿನ್ನುವ ಅಂಜೂರದಲ್ಲಿ ಮೂರು ಗುಂಪು. ಒಂದು ಗುಂಪಿಗೆ ಪರಾಗವೇ ಬೇಡ, ತಾನಾಗಿ ಹಣ್ಣಾಗುತ್ತದೆ. ಸಾಮಾನ್ಯ ಅಂಜೂರ ಅಂತ ಕರೆಯುವುದು ಇದನ್ನೇ. ನಮ್ಮ ಪೂನಾ ಅಂಜೂರ, ಬಳ್ಳಾರಿ ಅಂಜೂರ ಇದೇ ಗುಂಪು. ಪಿಂಗು ದ ಮೆಲ್ ಕೂಡ. ಎರಡನೆಯದು ಸ್ಮಿರ್ನಾ ಗುಂಪು. ಇದಕ್ಕೆ ಗಂಡು ಅಂಜೂರದ ಪರಾಗ ಸಿಗದಿದ್ದರೆ ಕಾಯಿ ಉದುರುತ್ತದೆ. ಟರ್ಕಿಯಿಂದ ಬರುವ ದೊಡ್ಡ ಒಣ ಅಂಜೂರ ಈ ಗುಂಪಿನದು. ಮೂರನೆಯದು ಸಾನ್ ಪೆದ್ರೊ ಗುಂಪು. ಇದು ಎರಡರ ಬೆರಕೆ. ಮೊದಲ ಫಸಲು, ಅಂದರೆ ಲಾಂಪು, ಪರಾಗ ಇಲ್ಲದೆ ಹಣ್ಣಾಗುತ್ತದೆ. ಎರಡನೇ ಫಸಲಿಗೆ ಪರಾಗ ಬೇಕೇ ಬೇಕು.

ಈಗ ನನ್ನ ಮರದ ಲೆಕ್ಕ ನೋಡಿ. ಪಿಂಗು ದ ಮೆಲ್ ಆಗಿದ್ದರೆ ಜುಲೈನಲ್ಲಿ ಹೀಗೆ ಪೂರ್ತಿ ಉದುರುತ್ತಿರಲಿಲ್ಲ. ಬರೀ ಸ್ಮಿರ್ನಾ ಆಗಿದ್ದರೆ ಅಜ್ಜಿ ಹೇಳುವ ಹಾಗೆ ಬುಟ್ಟಿಗಟ್ಟಲೆ ಲಾಂಪು ಬರುತ್ತಿರಲಿಲ್ಲ. ಲಾಂಪು ಜಾಸ್ತಿ, ವಿಂದೀಮು ಉದುರುತ್ತದೆ ಅಂದರೆ ಸಾನ್ ಪೆದ್ರೊ ಗುಂಪು ಅನ್ನುವ ಕಡೆಗೆ ತಕ್ಕಡಿ ವಾಲಿತು.

ಇದೇ ಒಗಟು ಕ್ಯಾಲಿಫೋರ್ನಿಯಾದವರನ್ನೂ ಕಾಡಿತ್ತು. 1880ರ ದಶಕದಲ್ಲಿ ಅವರು ಟರ್ಕಿಯ ಸ್ಮಿರ್ನಾದಿಂದ ಕಡ್ಡಿ ತರಿಸಿ ನೆಟ್ಟರು. ಮರ ಬೆಳೆಯಿತು, ಕಾಯಿ ಮಾತ್ರ ಪ್ರತಿ ವರ್ಷ ಉದುರಿತು. ಗಂಡು ಅಂಜೂರದ ಜೊತೆ ಅದರ ಪರಾಗ ಹೊತ್ತೊಯ್ಯುವ ಪುಟ್ಟ ಕಣಜದ ಹುಳವನ್ನೂ ತಂದು ಫ್ರೆಸ್ನೊ ಬಳಿಯ ತೋಟದಲ್ಲಿ ನೆಲೆಗೊಳಿಸಿದ್ದು 1899ರಲ್ಲಿ. ಆಮೇಲೆ ಹಣ್ಣು ನಿಂತಿತು.

ತೋಕ್

ಅಜ್ಜಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಬಿದ್ದ ಕಾಯಿ ಒಂದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ "ತೋಕ್ ಸಿಕ್ಕಿಲ್ಲ ಇದಕ್ಕೆ" ಅಂದರು. ತೋಕ್ ಅಂದರೆ ಮುಟ್ಟುವುದು. ಗಂಡು ಅಂಜೂರದ ಕಾಯಿಗೆ ಇಲ್ಲಿ ತೋಕ್ ಅಂಜೂರ ಅಂತಲೇ ಹೆಸರು. ಮರಕ್ಕೆ ಬಾಫೊರೇರಾ. ಕೆಳಗಿನ ತೋಟದಲ್ಲಿ ಒಂದು ದೊಡ್ಡ ಬಾಫೊರೇರಾ ಇತ್ತಂತೆ. ಅದು ಇರುವವರೆಗೆ ಈ ಮರ ಸೆಪ್ಟೆಂಬರ್‌ನಲ್ಲೂ ತುಂಬಿ ಬಿಡುತ್ತಿತ್ತಂತೆ. ಜಾಗ ಕೈ ಬದಲಾಯಿತು, ಹೊಸಬರು ಈಜುಕೊಳ ತೋಡಿಸಿದರು, ಮರ ಹೋಯಿತು. ತಿನ್ನೋಕೆ ಬಾರದ ಕಾಡು ಅಂಜೂರ ಅಂತ ಅವರು ತಿಳಿದಿರಬೇಕು.

ಅತ್ತಿ ಹಣ್ಣು ಬಿಡಿಸಿದರೆ ಒಳಗೆಲ್ಲ ಹುಳ ಅಂತ ನಮ್ಮ ಕಡೆ ಹೇಳುತ್ತಾರೆ. ಆ ಹುಳ ಬೇರೆ ಏನೂ ಅಲ್ಲ, ಅತ್ತಿಯ ಕಣಜ. ಅತ್ತಿ, ಆಲ, ಅರಳಿ, ಅಂಜೂರ ಎಲ್ಲ ಒಂದೇ ಕುಟುಂಬ. ಒಂದೊಂದಕ್ಕೂ ತನ್ನದೇ ಕಣಜ ಇದೆ. ಅತ್ತಿಯದು ಅಂಜೂರಕ್ಕೆ ಆಗಿಬರುವುದಿಲ್ಲ. ಅಂಜೂರದ ಕಣಜದ ಹೆಸರು ಬ್ಲಾಸ್ಟೊಫ್ಯಾಗಾ ಸೀನಿಸ್. ಅದರ ಸಂಸಾರ ಪೂರ್ತಿ ಬಾಫೊರೇರಾ ಮರದಲ್ಲೇ. ಆ ಮರ ವರ್ಷಕ್ಕೆ ಮೂರು ಸಲ ಕಾಯಿ ಬಿಡುತ್ತದೆ. ಚಳಿಗಾಲದ ಕಾಯಿಯಲ್ಲಿ ಮರಿ ಬೆಚ್ಚಗೆ ಮಲಗಿರುತ್ತದೆ, ವಸಂತದಲ್ಲಿ ಹೊರಬಂದು ಮುಂದಿನ ಕಾಯಿಗೆ ಹೋಗುತ್ತದೆ. ಆ ಕಾಯಿ ಜೂನ್‌ನಲ್ಲಿ ಬಲಿತಾಗ ಹೊಸ ಕಣಜಗಳು ಮೈಗೆಲ್ಲ ಪರಾಗ ಮೆತ್ತಿಕೊಂಡು ಹೊರಡುತ್ತವೆ. ಮೊಟ್ಟೆ ಇಡೋಕೆ ಜಾಗ ಹುಡುಕಿಕೊಂಡು ನಮ್ಮ ತಿನ್ನುವ ಅಂಜೂರಕ್ಕೂ ಬರುತ್ತವೆ. ಒಳಗೆ ಹೋದರೆ ಅಲ್ಲಿನ ಹೂವಿನ ನಾಳ ಉದ್ದ, ಮೊಟ್ಟೆ ಇಡೋಕೆ ಆಗುವುದಿಲ್ಲ. ಪರಾಗ ಮಾತ್ರ ತಾಗುತ್ತದೆ. ಗಾಳಿ ತಂದ ಒಂದೆರಡು ಕಣಜ ಕಣಿವೆ ಕಡೆಯ ಆ ಕೊಂಬೆಗೆ ಬಂದಿರಬೇಕು. ಆರೇಳು ಹಣ್ಣು ಉಳಿದದ್ದು ಅದಕ್ಕೆ.

2024ರ ಜನವರಿಯಲ್ಲಿ ಬಾಫೊರೇರಾ ಹುಡುಕಲು ಹೊರಟೆ. ಹುಡುಕುವುದಕ್ಕೆ ಚಳಿಗಾಲವೇ ಸರಿ. ಬೇರೆ ಅಂಜೂರ ಎಲ್ಲ ಬೋಳಾಗಿರುವಾಗ ಬಾಫೊರೇರಾದ ಬರೀ ಕೊಂಬೆಯಲ್ಲಿ ಗಟ್ಟಿ ಹಸಿರು ಕಾಯಿ ಕೂತಿರುತ್ತದೆ. ದೂರದಿಂದಲೇ ಗೊತ್ತಾಗುತ್ತದೆ. ಹಳ್ಳ ಹಿಡಿದು ಅರ್ಧ ಗಂಟೆ ನಡೆದರೆ ಒಂದು ಹಾಳು ಬಾವಿ. ಅರಬರ ಕಾಲದಿಂದ ಬಂದ, ಕತ್ತೆ ಕಟ್ಟಿ ತಿರುಗಿಸುತ್ತಿದ್ದ ನೀರೆತ್ತುವ ಚಕ್ರದ ಬಾವಿಗೆ ಇಲ್ಲಿ ನೋರಾ ಅಂತಾರೆ. ಚಕ್ರ ತುಕ್ಕು ಹಿಡಿದು ನಿಂತಿತ್ತು. ಅದರ ಕಲ್ಲುಕಟ್ಟಡದ ಸಂದಿಯಿಂದ ಎದ್ದು ನಿಂತಿತ್ತು ಒಂದು ಬಾಫೊರೇರಾ, ಕೊಂಬೆ ತುಂಬ ಹಸಿರು ಕಾಯಿ. ಯಾರೂ ನೆಟ್ಟದ್ದಲ್ಲ, ಹಕ್ಕಿ ಉಗುಳಿದ ಬೀಜ.

ಜೂನ್ ಮೂರನೇ ವಾರ ಮತ್ತೆ ಹೋದೆ. ಕಾಯಿ ಸ್ವಲ್ಪ ಮೆತ್ತಗಾಗಿತ್ತು. ಒಂದನ್ನು ಸೀಳಿದೆ. ತುದಿಯ ಕಣ್ಣಿನ ಹತ್ತಿರ ಗಂಡು ಹೂಗಳ ಒಂದು ಸುತ್ತು, ಬೆರಳು ಸವರಿದರೆ ತಿಳಿ ಹಳದಿ ಪುಡಿ. ಉಳಿದ ಕಡೆ ಉಬ್ಬಿದ ಕಾಳಿನಂಥ ಗಂಟುಗಳು, ಒಂದೊಂದರಲ್ಲೂ ಒಂದು ಕಣಜ. ಎರಡು ಕಾಯಿಯನ್ನು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಕಿಟಕಿಯಲ್ಲಿ ಇಟ್ಟೆ. ಮರುದಿನ ಬಿಸಿಲು ಬೀಳುವ ಹೊತ್ತಿಗೆ ಕಾಯಿಯ ಕಣ್ಣು ಸಡಿಲ ಆಗಿ ಒಂದೊಂದೇ ಹೊರಬಂದವು. ಎಳ್ಳಿಗಿಂತ ಚಿಕ್ಕವು, ಕಪ್ಪು, ರೆಕ್ಕೆ ಹೊಳೆಯುತ್ತಿತ್ತು. ಹೊರಬಂದ ತಕ್ಷಣ ಹಾರಲಿಲ್ಲ. ಕಾಯಿಯ ಮೇಲೆ ನಿಂತು ಮುಂಗಾಲಿನಿಂದ ಮೈ ಒರೆಸಿಕೊಂಡವು. ಒಂದಕ್ಕೆ ಬೆನ್ನ ಮೇಲೆ ಪರಾಗದ ಪುಡಿ ಹಾಗೇ ಇತ್ತು. ಅವೆಲ್ಲ ಹೆಣ್ಣು. ಗಂಡಿಗೆ ರೆಕ್ಕೆಯೇ ಇಲ್ಲ, ಜೇನಿನ ಬಣ್ಣದ ಆ ಗಂಡು ಹುಳ ಹುಟ್ಟಿದ ಕಾಯಿಯಲ್ಲೇ ಸಾಯುತ್ತದೆ. ಹೆಣ್ಣಿಗೂ ಹೊರಗೆ ಬದುಕು ಒಂದೆರಡು ದಿನ. ಅಷ್ಟರಲ್ಲಿ ಅದು ಇನ್ನೊಂದು ಕಾಯಿಯನ್ನು ಹುಡುಕಬೇಕು. ಅದರ ಕಣ್ಣಿನ ಇರುಕಿನಲ್ಲಿ ನುಗ್ಗುವಾಗ ರೆಕ್ಕೆ ಮುರಿದುಹೋಗುತ್ತದೆ. ಎಷ್ಟು ಹೊತ್ತು ಆ ಬಾಟಲಿ ಮುಂದೆ ಕೂತಿದ್ದೆನೋ, ಒಲೆ ಮೇಲಿನ ಹಾಲು ಉಕ್ಕಿದಾಗಲೇ ಎದ್ದದ್ದು.

ಎರಡನೇ ವರ್ಷ

ಈ ಸಲ ಚಳಿಗಾಲದಲ್ಲಿ ಕೊಂಬೆಗಳ ತುದಿ ಮುಟ್ಟಲಿಲ್ಲ. ಒಣಗಿದ ಮೂರು ಕೊಂಬೆಯನ್ನು ಬುಡದಿಂದ ತೆಗೆದೆ, ಅಷ್ಟೇ. ನೀರೂ ಹಾಕಲಿಲ್ಲ. ಏಪ್ರಿಲ್‌ನಲ್ಲಿ ಎಲೆಯ ಜೊತೆಗೇ ಕಡ್ಡಿಯ ತುದಿಯಲ್ಲಿ ಲಾಂಪು ಕಂಡವು. ಜೂನ್ ಮಧ್ಯಕ್ಕೆ ಹಣ್ಣು. ಉದ್ದಕ್ಕೆ, ಕತ್ತು ಸಣ್ಣಕ್ಕೆ, ನೇರಳೆ ಬೆರೆತ ಕಪ್ಪು ಸಿಪ್ಪೆ, ಅದರ ಮೇಲೆ ಮೇಲಿಂದ ಕೆಳಗೆ ತಿಳಿ ಗೆರೆ. ಒಂದೊಂದು ಅಂಗೈ ತುಂಬುವಷ್ಟು ದಪ್ಪ. ಒಳಗೆ ತಿಳಿ ಗುಲಾಬಿ ತಿರುಳು, ನೀರು ಜಾಸ್ತಿ, ಸಿಹಿ ಹದ. ಪಿಂಗು ದ ಮೆಲ್ ಅನ್ನುವ ಹೆಸರು ಅಲ್ಲಿಗೆ ಮುಗಿಯಿತು.

ಒಂದು ಎಚ್ಚರಿಕೆ ಹೇಳಬೇಕು. ಅಂಜೂರದ ಹಾಲು ಕೈಗೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಆಗುತ್ತದೆ. ತೋಳಿಲ್ಲದ ಅಂಗಿ ಹಾಕಿಕೊಂಡು ನಡುಮಧ್ಯಾಹ್ನ ಲಾಂಪು ಕಿತ್ತೆ. ಎರಡು ದಿನಕ್ಕೆ ಮುಂಗೈ ಮೇಲೆ ಕೆಂಪು ಗೆರೆ ಎದ್ದು ಬೊಬ್ಬೆ ಬಂತು, ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕಾಯಿತು. ಉದ್ದ ತೋಳಿನ ಅಂಗಿ ಹಾಕಿಕೊಂಡು ಸಂಜೆ ಕೀಳಿ, ಮಕ್ಕಳನ್ನು ಮರ ಹತ್ತಿಸುವ ಮುಂಚೆ ಇದನ್ನು ನೆನಪಿಡಿ.

ಇನ್ನು ತೋಕ್ ಕಟ್ಟುವ ಕೆಲಸ, ಅಂದರೆ ಬಾಫೊರೇರಾದ ಕಾಯಿ ತಂದು ನಮ್ಮ ಮರಕ್ಕೆ ತೂಗುಹಾಕುವುದು. ಅದಕ್ಕೆ ಮುಂಚೆ, ಜೂನ್ ಮೊದಲ ವಾರದಲ್ಲೇ, ಒಂದು ಕೊಂಬೆಗೆ ಮಲ್ ಬಟ್ಟೆಯ ಚೀಲ ಹೊಲಿದು ತೊಡಿಸಿ ಬಾಯಿಗೆ ದಾರ ಬಿಗಿದಿದ್ದೆ. ಒಳಗೆ ಎಳೆ ವಿಂದೀಮು ಹನ್ನೊಂದು. ಕಣಜ ಒಳಗೆ ಹೋಗಬಾರದು, ಗಾಳಿ ಬೆಳಕು ಹೋಗಬೇಕು. ಉದುರಲು ಕಾರಣ ಪರಾಗವೇ ಹೌದೋ ಅಲ್ಲವೋ ಅನ್ನುವುದು ಇದರಿಂದ ಗೊತ್ತಾಗಬೇಕಿತ್ತು. ಬರೀ ತೋಕ್ ಕಟ್ಟಿ ಹಣ್ಣು ಬಂದಿದ್ದರೆ, ಆ ವರ್ಷ ಮಳೆ ಚೆನ್ನಾಗಿತ್ತು ಅಂತಲೋ ನೀರು ನಿಲ್ಲಿಸಿದ್ದಕ್ಕೆ ಅಂತಲೋ ಹೇಳಬಹುದಿತ್ತು.

ಕಟ್ಟುವ ಹದ ಅಜ್ಜಿ ತೋರಿಸಿದರು. ಎಳೆ ವಿಂದೀಮು ಬಟಾಣಿ ದಾಟಿ ಕಡಲೆಕಾಯಿ ಬೀಜದ ಗಾತ್ರಕ್ಕೆ ಬಂದಾಗ ಅದರ ತುದಿಯ ಕಣ್ಣಿನ ಪಕಳೆ ಸ್ವಲ್ಪ ಸಡಿಲ ಆಗುತ್ತದೆ. ಆಗಲೇ ಕಟ್ಟಬೇಕು. ನೀರಿನ ಅಂಚಿನ ಹುಲ್ಲಿನ ಎಳೆಗೆ ನಾಲ್ಕು ನಾಲ್ಕು ತೋಕ್ ಕಾಯಿ ಪೋಣಿಸಿ, ಹೂಮಾಲೆಯ ಹಾಗೆ ಗಂಟು ಹಾಕಿ, ಮರದ ನೆರಳಿನ ಕಡೆ ತೂಗುಹಾಕಿದರು. ಬಿಸಿಲಿಗೆ ಕಟ್ಟಿದರೆ ಕಾಯಿ ಒಣಗಿ ಕಣಜ ಒಳಗೇ ಸಾಯುತ್ತದೆ. ಇಡೀ ಮರಕ್ಕೆ ಐದು ಮಾಲೆ ಸಾಕು ಅಂದರು. ವಾರ ಬಿಟ್ಟು ಇನ್ನೊಂದು ಸಲ, ಮತ್ತೊಂದು ವಾರ ಬಿಟ್ಟು ಇನ್ನೊಂದು ಸಲ, ಯಾಕೆಂದರೆ ವಿಂದೀಮು ಎಲ್ಲ ಒಟ್ಟಿಗೆ ಹದಕ್ಕೆ ಬರೋದಿಲ್ಲ. ನಾನು ಜಾಸ್ತಿ ಕಟ್ಟಲು ಹೋದಾಗ ಕೈ ಹಿಡಿದರು. "ಜಾಸ್ತಿ ಆದರೆ ಹಣ್ಣು ಒಡೆಯುತ್ತೆ, ವಿಝಿನ್ಯಾ." ಅದು ನಿಜ. ಒಂದೇ ಕಾಯಿಗೆ ಕಣಜ ಜಾಸ್ತಿ ನುಗ್ಗಿದರೆ ಹಣ್ಣು ಬಿರಿಯುತ್ತದೆ, ಅವು ಹೊತ್ತು ತರುವ ಬೂಷ್ಟಿನಿಂದ ಒಳಗೆ ಕೊಳೆಯೂ ಬರಬಹುದು.

ಜುಲೈ ಕೊನೆಗೆ ಚೀಲ ಬಿಚ್ಚಿದೆ. ಹನ್ನೊಂದೂ ಹಳದಿಯಾಗಿ ಸುಕ್ಕಿ ಚೀಲದ ತಳದಲ್ಲಿ ಬಿದ್ದಿದ್ದವು. ಪಕ್ಕದ ಕೊಂಬೆಯ ಕಾಯಿ ಹಸಿರಾಗಿ ಗಟ್ಟಿಯಾಗಿ ನಿಂತಿದ್ದವು. ಅದೇ ಮರ, ಅದೇ ಬೇರು, ಅದೇ ಬಿಸಿಲು. ಅಜ್ಜಿಯನ್ನು ಕೂಗಿ ಕರೆದೆ. ಅವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ, ಆದರೂ ಬಂದು ಚೀಲದೊಳಗೆ ಇಣುಕಿ ನೋಡಿ ನನ್ನ ಬೆನ್ನು ತಟ್ಟಿದರು.

ಆಗಸ್ಟ್‌ನಲ್ಲಿ ಮಾಲೀಕರು ಬಂದರು. ಮರದ ಕೆಳಗೆ ನೆಲ ಸ್ವಚ್ಛವಾಗಿತ್ತು, ಕಾಯಿ ಎಲ್ಲ ಮೇಲೆ ಇತ್ತು. ಕಡಿಸುವ ಮಾತು ಆಮೇಲೆ ಬರಲಿಲ್ಲ.

ವಿಂದೀಮು ಸೆಪ್ಟೆಂಬರ್‌ನಲ್ಲಿ ಹಣ್ಣಾಯಿತು. ಲಾಂಪುವಿಗಿಂತ ಚಿಕ್ಕದು, ಗುಂಡಗೆ, ಒಳಗೆ ಕಡು ಕೆಂಪು. ಒಂದೇ ಮರದ್ದು ಅಂದರೆ ಯಾರೂ ನಂಬುವುದಿಲ್ಲ. ಕಚ್ಚಿದರೆ ಬೀಜ ಕಟಕಟ ಅನ್ನುತ್ತದೆ, ಅದರಲ್ಲಿ ಗೋಡಂಬಿಯಂಥ ಒಂದು ರುಚಿ. ಒಂದು ಹಣ್ಣಿನ ಬೀಜ ತೊಳೆದು ನೀರಿಗೆ ಹಾಕಿದೆ. ಹೆಚ್ಚಿನವು ಮುಳುಗಿದವು, ಅಂದರೆ ಒಳಗೆ ತಿರುಳಿದೆ. ಪರಾಗ ಇಲ್ಲದೆ ಆದ ಹಣ್ಣಿನ ಬೀಜ ಬರೀ ಚಿಪ್ಪು, ತೇಲುತ್ತದೆ. ಲಾಂಪುವಿನ ಬೀಜ ಹಾಗೇ ತೇಲಿತ್ತು.

ಇಲ್ಲಿ ಅಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. "ಹಾಗಾದರೆ ಹಣ್ಣಿನೊಳಗೆ ಹುಳ ಇರುತ್ತಾ?" ಒಳಗೆ ಹೋದ ಕಣಜ ಅಲ್ಲೇ ಸಾಯುವುದು ನಿಜ. ಹಣ್ಣು ಬಲಿಯುವ ಹೊತ್ತಿಗೆ ಅದರ ಮೈ ಬಹುಪಾಲು ಕರಗಿಹೋಗಿರುತ್ತದೆ. ಹಲ್ಲಿಗೆ ಸಿಗುವುದು ಬೀಜ. ಅದೂ ಬೇಡ ಅನ್ನುವವರಿಗೆ ಬಳ್ಳಾರಿ, ಪೂನಾ ಅಂಜೂರ ಇದೆಯಲ್ಲ. ಅವಕ್ಕೆ ಕಣಜದ ಸಂಬಂಧವೇ ಇಲ್ಲ.

ತಿಂದು ಉಳಿದದ್ದನ್ನು ಅಜ್ಜಿಯ ಅಂಗಳದಲ್ಲಿ ಜೊಂಡಿನ ಚಾಪೆ ಮೇಲೆ ಹರವಿ ಒಣಗಿಸಿದೆವು. ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚೋದು, ಬೆಳಿಗ್ಗೆ ಮತ್ತೆ ಬಿಚ್ಚೋದು. ಒಣಗಿದ ಅಂಜೂರವನ್ನು ಕತ್ತರಿಯಲ್ಲಿ ಐದು ಎಸಳಾಗಿ ಕತ್ತರಿಸಿ, ಎಸಳಿಗೊಂದು ಹುರಿದ ಬಾದಾಮಿ ಒತ್ತಿ, ನಕ್ಷತ್ರದ ಹಾಗೆ ಜೋಡಿಸಿ ಒಲೆಯಲ್ಲಿ ಬಿಸಿ ಮಾಡುತ್ತಾರೆ. ಅಲ್ಗಾರ್ವ್‌ನ ಅಂಜೂರದ ನಕ್ಷತ್ರ ಅಂದರೆ ಇದೇ.

ಹೆಸರು, ಕಡ್ಡಿ, ಅಣ್ಣನ ಫೋನು

ಅಜ್ಜಿ ಈ ಮರವನ್ನು ಕರೆಯುವುದು "ಲಾಂಪಾ ಪ್ರೇತಾ" ಅಂತ. ಅಮ್ಮ ಕೇಳಿ ಬೆಚ್ಚಿದರು. ಪೋರ್ಚುಗೀಸಿನಲ್ಲಿ ಪ್ರೇತಾ ಅಂದರೆ ಕಪ್ಪು, ಅಷ್ಟೇ. ಕಪ್ಪು ಲಾಂಪು. ಅಂಥ ಹೆಸರಿನ ತಳಿ ಇರುವುದೂ ನಿಜ. ಆದರೆ ಕಪ್ಪು ಲಾಂಪು ಬಿಡುವ ಯಾವ ಮರವನ್ನು ಬೇಕಾದರೂ ಹಳ್ಳಿಯವರು ಹಾಗೆ ಕರೆಯಬಹುದು. ಫ್ರಾನ್ಸ್ ಮೂಲದ ದೋಫೀನ್ ಅನ್ನುವ ತಳಿಯೂ ಪೋರ್ಚುಗಲ್‌ನಲ್ಲಿ ಬೆಳೆಯುತ್ತದೆ. ಅದೂ ಸಾನ್ ಪೆದ್ರೊ ಗುಂಪು, ಅದರ ಲಾಂಪುವೂ ದಪ್ಪ. ಒಂದೇ ತಳಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಎರಡು ಮೂರು ತಳಿ, ಇದು ಅಂಜೂರದಲ್ಲಿ ದಿನನಿತ್ಯದ ಮಾತು. ಅಮೆರಿಕದ ಬೆಳೆಗಾರರು ತುಂಬ ಮೆಚ್ಚುವ ಬ್ಲ್ಯಾಕ್ ಮಡೀರಾ ಕೂಡ ಮಡೀರಾ ದ್ವೀಪದ ಹೆಸರು ಹೊತ್ತುಕೊಂಡಿದೆ, ತವರಿನ ಹಳೇ ಹೆಸರನ್ನಲ್ಲ. ತವೀರಾದ ಕೃಷಿ ಪ್ರಯೋಗ ಕೇಂದ್ರದಲ್ಲಿ ಅಲ್ಗಾರ್ವ್‌ನ ಹಳೇ ಹಣ್ಣಿನ ತಳಿಗಳ ಸಂಗ್ರಹ ಇದೆ, ಅಂಜೂರವೂ ಅದರಲ್ಲಿದೆ. ಹೆಸರು ಖಚಿತ ಆಗಬೇಕಾದರೆ ಅಂಥ ಸಂಗ್ರಹದ ಮರದ ಪಕ್ಕ ಇಟ್ಟು ಎರಡೂ ಫಸಲಿನ ಹಣ್ಣು ಹೋಲಿಸಬೇಕು, ಇಲ್ಲವೇ ಡಿಎನ್‌ಎ ನೋಡಬೇಕು.

ಅಲ್ಲಿವರೆಗೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಲಾಂಪುವಿನ ತೂಕ, ಕತ್ತಿನ ಉದ್ದ, ತೊಟ್ಟಿನ ಉದ್ದ, ಕಣ್ಣು ತೆರೆದಿದೆಯೋ ಮುಚ್ಚಿದೆಯೋ, ಸಿಪ್ಪೆಯ ಗೆರೆ, ತಿರುಳಿನ ಬಣ್ಣ, ಹಣ್ಣಾದ ದಿನ. ವಿಂದೀಮುವಿಗೆ ಬೇರೆ ಪುಟ. ಎಲೆಯ ಚಿತ್ರ ತೆಗೆಯುವುದಾದರೆ ಕಾಯಿ ಬಿಟ್ಟ ಕೊಂಬೆಯ ನಡುವಿನ ಎಲೆಯದ್ದೇ ತೆಗೆಯುತ್ತೇನೆ.

2025ರ ಜನವರಿಯಲ್ಲಿ ಕಡ್ಡಿ ಹಾಕಿದೆ. ಹೋದ ವರ್ಷದ ಬಲಿತ ಕಡ್ಡಿ, ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಮೂರು ನಾಲ್ಕು ಗೆಣ್ಣು. ಕೆಳಗಿನ ಗೆಣ್ಣಿನ ಕೆಳಗೇ ಕತ್ತರಿಸಿ, ಹಾಲು ಒಣಗಲು ಒಂದು ದಿನ ಬಿಟ್ಟು, ಮರಳು ಬೆರೆಸಿದ ಹಗುರ ಮಣ್ಣಿನಲ್ಲಿ ಮೇಲಿನ ಗೆಣ್ಣು ಒಂದು ಮಾತ್ರ ಕಾಣುವ ಹಾಗೆ ನೆಟ್ಟೆ. ಕಡ್ಡಿ ಸಾಯೋದು ಒಣಗಿ ಅಲ್ಲ, ಜಾಸ್ತಿ ನೀರಿಗೆ ಕೊಳೆತು. ಎಲೆ ಬಂತು ಅಂತ ಬೇರು ಬಂದಿದೆ ಅಂದುಕೊಳ್ಳಬೇಡಿ, ಎಷ್ಟೋ ಸಲ ಎಲೆ ಮೊದಲು ಬರುತ್ತದೆ. ಸುಮ್ನೆ ಎಳೆದು ನೋಡಲೂ ಹೋಗಬೇಡಿ.

ಅಣ್ಣ ಊರಿಂದ ಫೋನ್ ಮಾಡಿ "ಬರುವಾಗ ಎರಡು ಕಡ್ಡಿ ಬ್ಯಾಗಲ್ಲಿ ಹಾಕ್ಕೊಂಡು ಬಾರೇ" ಅಂದ. ಆಗಲ್ಲಣ್ಣ ಅಂದೆ. ಹೊರದೇಶದ ಗಿಡ, ಕಡ್ಡಿ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು, ಈ ಕಡೆಯ ಆರೋಗ್ಯ ಪ್ರಮಾಣಪತ್ರ ಬೇಕು. ನನ್ನ ಮರದ ಎಲೆಯಲ್ಲಿ ಮೊಸಾಯಿಕ್ ಮಚ್ಚೆ ಬೇರೆ ಇದೆ. ಅದನ್ನು ನಮ್ಮ ಹಿತ್ತಲಿಗೆ ಹೊತ್ತು ತರೋದು ಬೇಡ. ಹಾಗೂ ತಂದರೆ ಏನಾಗುತ್ತೆ? ಬಾಫೊರೇರಾ ಇಲ್ಲ, ಅದರ ಕಣಜ ಇಲ್ಲ. ವಿಂದೀಮು ಪ್ರತಿ ವರ್ಷ ನೆಲಕ್ಕೆ. "ಅಷ್ಟು ದೊಡ್ಡ ಅತ್ತಿಮರ ಇದೆಯಲ್ಲೇ ಹೊಳೆ ದಂಡೇಲಿ" ಅಂದ. ಅತ್ತಿಯ ಕಣಜ ಅತ್ತಿಗೆ ಮಾತ್ರ ಅಂತ ಅವನಿಗೆ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು.

ಆರು ಕುಂಡದಲ್ಲಿ ನಾಲ್ಕು ಚಿಗುರಿವೆ. ಎರಡು ಅಜ್ಜಿಗೆ. ಕುಂಡದ ಚೀಟಿಯಲ್ಲಿ ಲಾಂಪಾ ಪ್ರೇತಾ ಅಂತ ಬರೆದಿಲ್ಲ. "ಸಾಂತಾ ಕತರೀನಾ, ಗೋಡೆ ಪಕ್ಕದ ಕಪ್ಪು ಲಾಂಪು, ತೋಕ್ ಬೇಕು" ಅಂತ ಬರೆದಿದ್ದೇನೆ. ನೋರಾ ಬಾವಿಯ ಬಾಫೊರೇರಾದ ಒಂದು ಕಡ್ಡಿಯನ್ನೂ ಹಿತ್ತಲ ಮೂಲೆಯಲ್ಲಿ ನೆಟ್ಟಿದ್ದೇವೆ. ಅದು ಕಾಯಿ ಬಿಡಲು ಇನ್ನೂ ಕೆಲವು ವರ್ಷ ಬೇಕು. ಅಲ್ಲಿವರೆಗೆ ಪ್ರತಿ ಜೂನ್‌ನಲ್ಲಿ ಹುಲ್ಲಿನ ಎಳೆ, ಬುಟ್ಟಿ ಹಿಡಿದುಕೊಂಡು ಹಳ್ಳದ ದಾರಿ ಹಿಡಿಯಬೇಕು.